ಸುಟ್ಟ ಬಂಗುಡೆಗೆ ಟೀ ಮದ್ದಾ? ಲ್ಯಾಬಿನಲ್ಲಿ ನಾನು ಪರೀಕ್ಷಿಸಿದ್ದು ಹೀಗೆ

ಮೀನನ್ನು ಕರಕಲಾಗುವಷ್ಟು ಸುಟ್ಟರೆ ಡಿಎನ್‌ಎ ಕೆಡಿಸುವ ಮ್ಯುಟಜನ್‌ಗಳು ಹುಟ್ಟುತ್ತವೆ. ಟೋಕಿಯೊದ ರಾಷ್ಟ್ರೀಯ ಕ್ಯಾನ್ಸರ್ ಕೇಂದ್ರದಲ್ಲಿ ಸುಗಿಮುರ ತಂಡ ಇದನ್ನು 1977ರಲ್ಲೇ ತೋರಿಸಿತ್ತು. ಟೀ ಇದಕ್ಕೆ ತಡೆ ಒಡ್ಡುತ್ತದಾ ಅಂತ ನೋಡಲು ನಾನು ಹಿಡಿದದ್ದು ಏಮ್ಸ್ ಟೆಸ್ಟ್, ಅಂದರೆ ಬ್ಯಾಕ್ಟೀರಿಯಾ ಬಳಸಿ ಮ್ಯುಟಜನ್ ಪತ್ತೆಹಚ್ಚುವ ಪರೀಕ್ಷೆ. ಅದರ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾಕ್ಕೆ ಬೆಳೆಯಲು ಬೇಕಾದ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲ ತಯಾರಿಸಲು ಬರುವುದಿಲ್ಲ. ಮ್ಯುಟೇಶನ್ ಆಗಿ ಆ ಶಕ್ತಿ ಮರಳಿದರೆ ಮಾತ್ರ ಪ್ಲೇಟಿನಲ್ಲಿ ಕಾಲೊನಿ ಏಳುತ್ತದೆ.

ಬಂಗುಡೆಯ ತಕರಾರೇ ಇಲ್ಲಿದೆ. ಅದರಲ್ಲಿ ಹಿಸ್ಟಿಡಿನ್ ಸಿಕ್ಕಾಪಟ್ಟೆ ಇರುತ್ತದೆ. ಸುಟ್ಟ ಸಿಪ್ಪೆಯ ರಸವನ್ನು ಸುಮ್ನೆ ಹಾಕಿದರೆ ಮ್ಯುಟೇಶನ್ ಇಲ್ಲದೆಯೇ ಬ್ಯಾಕ್ಟೀರಿಯಾ ಬೆಳೆದುಬಿಡುತ್ತವೆ. ಅದಕ್ಕೇ ರಸದಲ್ಲಿ ಬ್ಲೂ ಕಾಟನ್ ಅದ್ದಿ ಅಲುಗಾಡಿಸುತ್ತಿದ್ದೆ. ಈ ನೀಲಿ ಹತ್ತಿ ಚಪ್ಪಟೆ ಉಂಗುರಗಳ ಮ್ಯುಟಜನ್‌ಗಳನ್ನು ಹಿಡಿದುಕೊಳ್ಳುತ್ತದೆ, ಹಿಸ್ಟಿಡಿನ್ ನೀರಿನಲ್ಲೇ ಉಳಿಯುತ್ತದೆ. ಹತ್ತಿಯನ್ನು ತೊಳೆದು, ಅಮೋನಿಯಾ ಬೆರೆಸಿದ ಮೆಥನಾಲ್‌ನಲ್ಲಿ ಬಿಡಿಸಿ ಒಣಗಿಸಬೇಕು. ವಾಸನೆಗೆ ಕಣ್ಣಲ್ಲಿ ನೀರು ಬರುತ್ತದೆ. ಹೊಗೆ, ಆವಿ ಹೊರಗೆಳೆಯುವ ಫ್ಯೂಮ್ ಹುಡ್ ಬಿಟ್ಟು ಈ ಕೆಲಸ ಬೇಡ.

ಆಮೇಲೆ ಈ ಮ್ಯುಟಜನ್‌ಗಳಿಗೆ ಸಾಲ್ಮೊನೆಲ್ಲಾದ ಟಿಎ98 ತಳಿ, ಇಲಿಯ ಯಕೃತ್ತಿನಿಂದ ತೆಗೆದ ಕಿಣ್ವಗಳ ರಸ ಎಸ್9, ಹಾಲು ಹಾಕದ ಟೀ ಸೇರಿಸಬೇಕು. ಎಸ್9 ಐಸ್ ಮೇಲೇ ಇರಬೇಕು. ಅದರ ಕಿಣ್ವಗಳು ಕೆಲಸ ಮಾಡದೆ ಈ ಮ್ಯುಟಜನ್‌ಗಳು ಚುರುಕಾಗುವುದಿಲ್ಲ. ಇವನ್ನೆಲ್ಲ ಬೆರೆಸಿ ಪ್ಲೇಟಿನ ಮೇಲೆ ಸುರಿಯುವ ಟಾಪ್ ಅಗರ್ 45 ಡಿಗ್ರಿಯಲ್ಲಿರಲಿ. ಟ್ಯೂಬ್ ಕೈಗೆ ಬೆಚ್ಚಗೆ ಹತ್ತಬೇಕು, ಸುಡಬಾರದು. 37 ಡಿಗ್ರಿಯಲ್ಲಿ 48 ಗಂಟೆ ಬಿಟ್ಟು ಎಣಿಸಬೇಕು.

ಟೀ ಸೇರಿದ ಪ್ಲೇಟಿನಲ್ಲಿ ಕಾಲೊನಿ ಕಡಿಮೆ ಬಂತು. ಬಂತು ಅಂತ ಕುಣಿಯೋ ಹಾಗಿಲ್ಲ. ಗಟ್ಟಿ ಟೀ ಬ್ಯಾಕ್ಟೀರಿಯಾಗಳನ್ನು ಕೊಂದರೂ ಕಾಲೊನಿ ಕಡಿಮೆಯಾಗುತ್ತದೆ, ಅಲ್ವಾ? ಪ್ಲೇಟನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿದರೆ ಕಾಲೊನಿಗಳ ನಡುವೆ ಮಂಜಿನಂಥ ತೆಳು ಬೆಳವಣಿಗೆ ಕಾಣಬೇಕು; ಅಗರ್‌ಗೆ ಬೆರೆಸಿದ ಚೂರೇ ಚೂರು ಹಿಸ್ಟಿಡಿನ್ ಮುಗಿಯುವ ತನಕ ಉಳಿದ ಬ್ಯಾಕ್ಟೀರಿಯಾ ಬೆಳೆದ ಗುರುತು ಅದು. ಅದು ಅಲ್ಲಲ್ಲಿ ಮಾಯವಾಗಿದ್ದರೆ ಬ್ಯಾಕ್ಟೀರಿಯಾ ಸತ್ತಿವೆ ಅಂತ ಆ ಪ್ಲೇಟನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಬರೀ ಟೀ ಹಾಕಿದ ಪ್ಲೇಟೂ ಬೇಕು. ಟೀಯಲ್ಲಿ ಕ್ವೆರ್ಸೆಟಿನ್ ಎಂಬ ಸಸ್ಯದ ಅಂಶ ಇದೆ, ಟಿಎ98ರಲ್ಲಿ ಅದೂ ಮ್ಯುಟಜನ್ನೇ.

ಎಸ್9 ಬೇಡದ ಇನ್ನೊಂದು ಮ್ಯುಟಜನ್ ಇಟ್ಟೂ ನೋಡಿದೆ. ಅಲ್ಲಿ ಟೀಯ ಪ್ರಭಾವ ಅಷ್ಟಕ್ಕಷ್ಟೇ. ಅಂದರೆ ಟೀಯಲ್ಲಿರುವ ಕ್ಯಾಟೆಚಿನ್, ಥಿಯಾಫ್ಲಾವಿನ್ ಎಂಬ ರಾಸಾಯನಿಕಗಳು ಮುಖ್ಯವಾಗಿ ಯಕೃತ್ತಿನ ಕಿಣ್ವವನ್ನು ತಡೆಯುತ್ತಿವೆ ಅಂತ ನನ್ನ ಊಹೆ. ಪ್ಲೇಟಿನಲ್ಲಿ ಟೀ, ಮ್ಯುಟಜನ್, ಕಿಣ್ವ ಒಟ್ಟಿಗೇ ಇರುತ್ತವೆ. ಆದರೆ ಹೊಟ್ಟೆಗೆ ಹೋದ ಟೀಯಿಂದ ರಕ್ತ ಸೇರುವ ಕ್ಯಾಟೆಚಿನ್ ತೀರಾ ಕಡಿಮೆ. ಹಾಗಾಗಿ ಮನೆಯಲ್ಲಿ ಕೇಳಿದವರಿಗೆ ಟೀ ಕುಡಿಯಿರಿ ಅನ್ನುವುದಿಲ್ಲ, ಕರಕಲು ಸಿಪ್ಪೆ ಕೆರೆದು ತೆಗೆಯಿರಿ ಅನ್ನುತ್ತೇನೆ.