ಮಳೆಗಾಲಕ್ಕೆ ಹಳೆ ಬುಲೆಟ್ ನಿಲ್ಲಿಸುವ ಮುಂಚೆ

ಕಾರ್ಬುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನಿಗೆ ಕೊಡುವ ಭಾಗ) ಇರುವ ಹಳೆ ಬುಲೆಟ್, ಯೆಜ್ಡಿ ಇಟ್ಟುಕೊಂಡ ಕಾಸರಗೋಡಿನ ಗೆಳೆಯರೇ, ಆಟಿಯ ಮಳೆಗೆ ಗಾಡಿಯನ್ನು ವಾರಗಟ್ಟಲೆ ನಿಲ್ಲಿಸುವುದಾದರೆ ಕೊನೆಯ ಸಲ ಕೀ ತಿರುಗಿಸಿ ಆಫ್ ಮಾಡಬೇಡಿ. ಪೆಟ್ರೋಲ್ ಟ್ಯಾಪ್ ಮುಚ್ಚಿ, ಇಂಜಿನ್ ತಾನಾಗಿಯೇ ನಿಲ್ಲುವವರೆಗೆ ಓಡಲು ಬಿಡಿ. ನಿಂತ ಕೂಡಲೇ ಕೀ ಆಫ್ ಮಾಡಿ, ಇಲ್ಲದಿದ್ದರೆ ಪಾಯಿಂಟ್ (ಕಿಡಿ ಹೊತ್ತಿಸುವ ಹಳೆ ಕಾಲದ ಸ್ವಿಚ್) ಇರುವ ಗಾಡಿಯಲ್ಲಿ ಕಿಡಿಗೆ ಕರೆಂಟ್ ಕೊಡುವ ಕಾಯಿಲ್ ಬಿಸಿಯಾಗಿ ಬ್ಯಾಟರಿಯೂ ಇಳಿಯುತ್ತದೆ. ಕಾರ್ಬುರೇಟರಿನ ಬಟ್ಟಲಲ್ಲಿ ಉಳಿದ ಪೆಟ್ರೋಲ್ ಆರಿದರೆ ಹಲಸಿನ ಮೇಣದ ಹಾಗೆ ಅಂಟಾಗಿ, ಪೆಟ್ರೋಲ್ ಹೋಗುವ ಜೆಟ್ಟಿನ ಸಣ್ಣ ತೂತನ್ನು ಮುಚ್ಚುತ್ತದೆ. ಅದರ ಮೇಲೆ ಈಗಿನ ಪೆಟ್ರೋಲಿನಲ್ಲಿ 20 ಶೇಕಡಾದವರೆಗೆ ಎಥನಾಲ್ ಇದೆ, ಅದು ಗಾಳಿಯ ತೇವ ಹೀರುತ್ತದೆ. ನಮ್ಮ ಕರಾವಳಿಯ ಗಾಳಿಯಲ್ಲಿ ತೇವಕ್ಕೇನು ಬರ ಅಲ್ವಾ? ಟ್ಯಾಂಕ್ ಮಾತ್ರ ತುಂಬಿಸಿಯೇ ಇಡಿ. ಅರ್ಧ ಖಾಲಿ ಇದ್ದರೆ ಒಳಗೋಡೆ ಬೆವರಿ ತುಕ್ಕು ಹಿಡಿಯುತ್ತದೆ. ಟ್ಯಾಪಿನ ವಾಷರ್ ಸವೆದಿದ್ದರೆ ಇದೆಲ್ಲ ಸುಮ್ನೆ. ಹನಿ ಹನಿಯಾಗಿ ಬಟ್ಟಲು ಮತ್ತೆ ತುಂಬುತ್ತದೆ. ಪೈಪ್ ಬಿಚ್ಚಿ ಮುಚ್ಚಿದ ಟ್ಯಾಪಿನ ಕೆಳಗೆ ಅರ್ಧ ಗಂಟೆ ಒಂದು ಚೂರು ಪೇಪರ್ ಹಿಡಿದು ನೋಡಿ. ಕಲೆ ಬಿದ್ದರೆ ಮೊದಲು ವಾಷರ್ ಬದಲಿಸಿ. ಟೂ-ಸ್ಟ್ರೋಕ್ ಯೆಜ್ಡಿ, ಜಾವಾದವರು ಇನ್ನೂ ಜಾಗ್ರತೆ. ಅದರಲ್ಲಿ ಆಯಿಲ್ ಪೆಟ್ರೋಲಿನ ಜೊತೆಗೇ ಹೋಗುವುದರಿಂದ ಪೆಟ್ರೋಲ್ ಮುಗಿಯುವ ಹೊತ್ತಿಗೆ ಇಂಜಿನಿಗೆ ಆಯಿಲೂ ಕಡಿಮೆಯಾಗುತ್ತದೆ. ಆಗ ಆಕ್ಸಿಲರೇಟರ್ ಮುಟ್ಟಬೇಡಿ, ನಿಧಾನಕ್ಕೆ ತಾನೇ ನಿಲ್ಲಲಿ. ಹಳೆ ರೂಪದಲ್ಲಿ ಬಂದಿರುವ ಹೊಸ ಇಂಜೆಕ್ಷನ್ ಗಾಡಿಗಳಿಗೆ (ಕಾರ್ಬುರೇಟರ್ ಬದಲು ಪಂಪಿನಿಂದ ಪೆಟ್ರೋಲ್ ಚಿಮ್ಮಿಸುವಂಥವು) ಇದು ಆಗುವುದಿಲ್ಲ. ಅವಕ್ಕೆ ಪೆಟ್ರೋಲ್ ಟ್ಯಾಪೇ ಇಲ್ಲ, ಖಾಲಿ ಓಡಿಸಿದರೆ ಪಂಪ್ ಹಾಳಾಗುತ್ತದೆ.