ಮಲೆನಾಡಿನ ಸಣ್ಣ ಪಟ್ಟಣದ ಪೇಟೆಗೆ ಮರುಜೀವ ಕೊಡುವ ಬಗೆ

ಕರಾವಳಿಯ ಊರುಗಳಿಗೆ ಪ್ರವಾಸಿಗರು ಹೆಚ್ಚಾಗಿ ಬರುವುದು ಬಿಸಿಲಿರುವ ರಜಾದಿನಗಳಲ್ಲಿ. ಜೋಗ ತುಂಬಿ ಧುಮುಕುವುದು ಮಳೆಗಾಲದಲ್ಲಾದ್ದರಿಂದ ಸಾಗರ ಪಟ್ಟಣದ ಕಡೆಗೆ ಜನ ಹರಿದುಬರುವುದು ಕೊಡೆ ಬಿಡಿಸಿಕೊಂಡೇ ಓಡಾಡಬೇಕಾದ ದಿನಗಳಲ್ಲಿ. ಸಾಗರ, ತೀರ್ಥಹಳ್ಳಿ, ಹೊಸನಗರದಂಥ ಪಟ್ಟಣಗಳ ಪೇಟೆಬೀದಿಯನ್ನೂ ವಿರಾಮದ ತಾಣಗಳನ್ನೂ ಹೊಸದಾಗಿ ರೂಪಿಸಲು ಹೊರಟವರು ಈ ವ್ಯತ್ಯಾಸವನ್ನು ಮರೆತು, ಮಾರ್ಚ್ ತಿಂಗಳ ಬಿಸಿಲಿನಲ್ಲಿ ತೆಗೆದ ಚಿತ್ರಗಳನ್ನು ಮುಂದಿಟ್ಟುಕೊಂಡು ನಕ್ಷೆ ಬರೆಸುತ್ತಾರೆ.

ಆದ್ದರಿಂದ ಮೊದಲ ಸಮೀಕ್ಷೆಯನ್ನು ಜುಲೈ ತಿಂಗಳಲ್ಲಿಯೇ ನಡೆಸಬೇಕು. ಸಂತೆಯ ದಿನ ಒಮ್ಮೆ, ಸಾಮಾನ್ಯ ದಿನ ಒಮ್ಮೆ, ಬೆಳಿಗ್ಗೆ, ಮಧ್ಯಾಹ್ನ ಮತ್ತು ಸಂಜೆ ಪೇಟೆಯಲ್ಲಿ ನಿಂತು, ಎಷ್ಟು ಜನ ನಡೆದುಹೋದರು, ಎಷ್ಟು ಜನ ನಿಂತರು, ಮಳೆ ಜೋರಾದಾಗ ಯಾವ ಸೂರಿನಡಿ ಸೇರಿಕೊಂಡರು, ನೀರು ಯಾವ ಅಂಗಡಿಯ ಮೆಟ್ಟಿಲವರೆಗೆ ಏರಿತು ಎಂಬುದನ್ನು ರಸ್ತೆಯ ನಕ್ಷೆಯ ಮೇಲೆ ಗುರುತಿಸಬೇಕು. ಬಾಗಿಲು ಮುಚ್ಚಿದ ಮಳಿಗೆಗಳು ಯಾರವು, ಏಕೆ ಮುಚ್ಚಿವೆ ಎಂಬುದೂ ಅದರಲ್ಲಿರಲಿ. ಬಾಡಿಗೆಯ ತಕರಾರಿನಿಂದ ಮುಚ್ಚಿದ ಅಂಗಡಿಯನ್ನು ಹೊಸ ದೀಪದ ಕಂಬ ತೆರೆಸಲಾರದು.

ಕಾಮಗಾರಿಯಲ್ಲಿ ಚರಂಡಿಯೇ ಮೊದಲು, ನೆಲಹಾಸು ಕೊನೆಗೆ. ಇಂಟರ್‌ಲಾಕ್ ಇಟ್ಟಿಗೆ ಬಯಲುಸೀಮೆಯಲ್ಲಿ ಚೆನ್ನಾಗಿ ಬಾಳಬಹುದು, ಆದರೆ ನಮ್ಮ ನೆರಳಿನ ಬೀದಿಗಳಲ್ಲಿ ಒಂದೇ ಮಳೆಗಾಲಕ್ಕೆ ಪಾಚಿ ಹಿಡಿದು ವಯಸ್ಸಾದವರನ್ನು ಬೀಳಿಸುತ್ತದೆ. ಉಳಿ ಹೊಡೆದು ಒರಟಾಗಿಸಿದ ಕಲ್ಲುಚಪ್ಪಡಿ ದುಬಾರಿಯಾದರೂ ಅದೇ ಮೇಲು. ಪಾದಚಾರಿ ಮಾರ್ಗದಲ್ಲಿ ಕಂಬ, ಬೋರ್ಡು, ಬೈಕುಗಳಾವುವೂ ಅಡ್ಡ ಬರದಂತೆ ರಸ್ತೆಗಳ ಮಾನದಂಡ ರೂಪಿಸುವ ಭಾರತೀಯ ರಸ್ತೆ ಕಾಂಗ್ರೆಸ್ ಹೇಳುವ 1.8 ಮೀಟರ್ ಅಗಲವನ್ನು ಬಿಡಿಸಿಕೊಳ್ಳಬೇಕು. ಅದಕ್ಕಿಂತ ಮುಖ್ಯವಾದದ್ದು ತಲೆಯ ಮೇಲಿನ ಮಾಡು, ಅಂದರೆ ಚಾವಣಿ. ಹಳೆಯ ಹೆಂಚಿನ ಅಂಗಡಿಗಳ ಮುಂದೆ ಜಗಲಿಯೂ ಅದರ ಮೇಲೆ ಚಾಚಿದ ಸೂರೂ ಇದ್ದುದರಿಂದ ಬೀದಿಯ ಬಹುಭಾಗವನ್ನು ನೆನೆಯದೆ ದಾಟಬಹುದಿತ್ತು. ಈಗ ಒಬ್ಬೊಬ್ಬರು ಒಂದೊಂದು ಎತ್ತರಕ್ಕೆ ತಗಡು ಕಟ್ಟಿ, ಒಬ್ಬರ ತಗಡಿನ ನೀರು ಇನ್ನೊಬ್ಬರ ಗಿರಾಕಿಯ ಕುತ್ತಿಗೆಗೆ ಇಳಿಯುವಂತಾಗಿದೆ. ವರ್ತಕರನ್ನು ಒಪ್ಪಿಸಿ ಒಂದೇ ಎತ್ತರದ, ನೀರಿಳಿಯಲು ದೋಣಿಯಿರುವ ಮಾಡನ್ನು ಬಸ್‌ ನಿಲ್ದಾಣದಿಂದ ಮಾರುಕಟ್ಟೆಯವರೆಗೆ ಕಟ್ಟಿಸಿದರೆ, ಉಳಿದ ಯಾವ ಅಲಂಕಾರಕ್ಕಿಂತಲೂ ಅದು ವ್ಯಾಪಾರವನ್ನು ಹೆಚ್ಚಿಸುತ್ತದೆ.

ಬೀದಿಬದಿಯ ಹಣ್ಣು, ಹೂವು, ಸೊಪ್ಪಿನವರನ್ನು ಊರಾಚೆಗೆ ಕಳುಹಿಸಿ ಪೇಟೆ ಅಂದವಾಯಿತೆಂದುಕೊಳ್ಳುವುದು ಸಾಮಾನ್ಯ ತಪ್ಪು, ಏಕೆಂದರೆ ಪೇಟೆಗೆ ದಿನವೂ ಜನರನ್ನು ಕರೆತರುವವರೇ ಅವರು. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯಂತೆ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ. 40ರಷ್ಟು ಸದಸ್ಯರು ವ್ಯಾಪಾರಿಗಳೇ ಆಗಿರಬೇಕು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರಿರಬೇಕು. ನಕ್ಷೆಯನ್ನು ಅಂತಿಮಗೊಳಿಸುವ ಮೊದಲೇ ಈ ಸಮಿತಿಯ ಮುಂದಿಡುವುದು ಒಳ್ಳೆಯದು.

ವಿರಾಮದ ಸೌಲಭ್ಯಗಳ ವಿಷಯದಲ್ಲಿ ಎಲ್ಲರ ಕಣ್ಣೂ ಈಜುಕೊಳದ ಮೇಲೆ. ಲೆಕ್ಕ ಹಾಕಿ ನೋಡಿ: 25 ಮೀಟರ್ ಉದ್ದ, 12.5 ಮೀಟರ್ ಅಗಲ, ಸರಾಸರಿ 1.35 ಮೀಟರ್ ಆಳದ ಕೊಳಕ್ಕೆ ಸುಮಾರು 4.2 ಲಕ್ಷ ಲೀಟರ್ ನೀರು ಬೇಕು. ಅದನ್ನು ದಿನವೂ ಶೋಧಿಸಬೇಕು, ಕ್ಲೋರಿನ್ ಹಾಕಿ ಪರೀಕ್ಷಿಸಬೇಕು, ತೆರೆದಿರುವಷ್ಟು ಹೊತ್ತೂ ಜೀವರಕ್ಷಕರು ಇರಬೇಕು; ಮೇಲೆ ಚಾವಣಿ ಇಲ್ಲದಿದ್ದರೆ ನಾಲ್ಕು ತಿಂಗಳು ಬಳಸುವವರೂ ಇರುವುದಿಲ್ಲ. ಪಂಪಿನ ವಿದ್ಯುತ್ ಬಿಲ್ಲನ್ನು ಯಾರು ಕಟ್ಟುತ್ತಾರೆಂದು ಲಿಖಿತವಾಗಿ ತೀರ್ಮಾನವಾಗದ ಹೊರತು ಅದಕ್ಕೆ ಕೈಹಾಕಬಾರದೆಂಬುದು ನನ್ನ ಅಭಿಪ್ರಾಯ. ಅದೇ ಹಣದಲ್ಲಿ ಎತ್ತರದ ಮಾಡಿನ ಕೆಳಗೆ ಒಂದೆರಡು ಶಟಲ್ ಅಂಕಣಗಳು, ಮಕ್ಕಳ ಆಟದ ಜಾಗ ಮತ್ತು ವಾಚನಾಲಯ ಒಟ್ಟಿಗೇ ಆದರೆ ವರ್ಷವಿಡೀ ಉಪಯೋಗಕ್ಕೆ ಬರುತ್ತವೆ. ಅಂಕಣದ ಅಳತೆ 13.4 ಮತ್ತು 6.1 ಮೀಟರ್ ಆದರೂ ಸುತ್ತಲೂ ಓಡಾಡಲು ಜಾಗ ಬಿಡಬೇಕು.

ರಂಗಮಂದಿರವನ್ನು ಬಯಸುವವರು ಸಾಗರದ ಬಳಿಯ ಹೆಗ್ಗೋಡಿಗೆ ಹೋಗಿಬರಲಿ. 1949ರಲ್ಲಿ ಹುಟ್ಟಿದ ಅಲ್ಲಿನ ನಾಟಕಸಂಸ್ಥೆ ನೀನಾಸಮ್‌ನಲ್ಲಿ ತಂಡ, ಅಭ್ಯಾಸ ಮತ್ತು ಪ್ರೇಕ್ಷಕರು ಮೊದಲು ಬಂದರು, ಕಟ್ಟಡ ಆಮೇಲೆ ಬಂತು. ಕಾರ್ಯಕ್ರಮ ನಡೆಸುವ ತಂಡವಿಲ್ಲದ ಊರಿನಲ್ಲಿ ರಂಗಮಂದಿರವು ಮದುವೆ ಛತ್ರವಾಗಿಬಿಡುತ್ತದೆ.

ಕೆರೆಯ ದಂಡೆ ಸಿಗುವ ಊರಿನವರು ಅದೃಷ್ಟವಂತರು. ಸಾಗರಕ್ಕೆ ಕೆಳದಿ ಅರಸರ ಕಾಲದ ಗಣಪತಿ ಕೆರೆಯಿದೆ. ಇಂಥ ಕಡೆ ಮೊದಲು ಭೂಮಾಪನ ಇಲಾಖೆಯಿಂದ ಗಡಿ ಗುರುತಿಸಿ, ಕೊಳಚೆ ಸೇರುವ ಮೋರಿಗಳನ್ನು ತಿರುಗಿಸಿ, ಅನಂತರವೇ ನಡಿಗೆಯ ದಾರಿಯನ್ನು ಹಾಕಬೇಕು. ನಾರುವ ನೀರಿನ ಸುತ್ತ ಯಾರೂ ವಾಯುವಿಹಾರಕ್ಕೆ ಬರುವುದಿಲ್ಲ.

ಅಗೆತದ ಕಾಲವನ್ನು ಆರಿಸುವುದು ಇಲ್ಲಿ ಸುಲಭವಲ್ಲ. ಮಳೆ ನಿಂತ ಮೇಲೆಯೇ ಅಗೆಯಬೇಕು, ಆದರೆ ಅಡಿಕೆ ಕೊಯ್ಲು ಮುಗಿದು ಕೈಯಲ್ಲಿ ದುಡ್ಡು ಓಡಾಡುವುದೂ, ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆ, ಸಾಗರದಲ್ಲಿ ಮೂರು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆ ನಡೆಯುವುದೂ ಆ ತಿಂಗಳುಗಳಲ್ಲೇ. ಆದ್ದರಿಂದ ರಸ್ತೆಯ ಒಂದು ಬದಿಯನ್ನು ಮಾತ್ರ, ಅದೂ ತುಂಡುತುಂಡಾಗಿ, ತೆರೆಯುವಂತೆ ಟೆಂಡರಿನಲ್ಲಿಯೇ ಷರತ್ತು ಹಾಕಬೇಕು. ಜಾತ್ರೆಯ ವಾರ ಕೆಲಸ ನಿಲ್ಲಬೇಕು. ತೆರೆದ ಚರಂಡಿಯ ಮೇಲೆ ಪ್ರತಿ ಅಂಗಡಿಗೂ ಹಿಡಿದುಕೊಳ್ಳಲು ಕಂಬಿಯಿರುವ ಗಟ್ಟಿ ಹಲಗೆಯನ್ನು ಗುತ್ತಿಗೆದಾರರು ಅಂದೇ ಸಂಜೆಯೊಳಗೆ ಹಾಕಬೇಕು. ಕನಿಷ್ಠ ಒಂದು ಪೂರ್ಣ ಮಳೆಗಾಲ ಕಳೆದು, ನೀರು ಎಲ್ಲಿಯೂ ನಿಲ್ಲುತ್ತಿಲ್ಲವೆಂದು ಜಂಟಿ ತಪಾಸಣೆಯಲ್ಲಿ ಖಚಿತವಾಗುವವರೆಗೆ ಅವರ ಭದ್ರತಾ ಠೇವಣಿಯನ್ನು ಹಿಂತಿರುಗಿಸಬಾರದು.