ಜೀನ್, ಬಾಲ್ಯದ ಕಷ್ಟ, ಮೆದುಳು: ಹಳ್ಳಿಯಲ್ಲಿ ಮಾಹಿತಿ ತೆಗೆಯುವ ನಮ್ಮ ಕ್ರಮ

ಜೀನೂ ಬಾಲ್ಯದ ಕಷ್ಟವೂ ಸೇರಿ ಮಗುವಿನ ಮೆದುಳಿಗೆ ಏನು ಮಾಡುತ್ತವೆ ಎಂದು ನೋಡುವುದು ನಮ್ಮ ಅಧ್ಯಯನ. ಮಂಡ್ಯದ ಹಳ್ಳಿಗಳಲ್ಲಿ ಈ ಕೆಲಸ ಮಾಡುವಾಗ ಮಗುವಿನ ಡಿಎನ್‌ಎ ಸುಲಭವಾಗಿ ಸಿಗುತ್ತದೆ, ಬಾಲ್ಯ ಸಿಗುವುದು ಕಷ್ಟ. ಕಷ್ಟದ ಅಳತೆ ಒರಟಾಗಿದ್ದರೆ ಜೀನ್ ಅಳತೆ ಎಷ್ಟೇ ನಿಖರವಾಗಿದ್ದರೂ ಎರಡೂ ಸೇರಿ ಮೆದುಳಿಗೆ ಏನು ಮಾಡಿದವು ಎಂಬುದು ಕಾಣುವುದಿಲ್ಲ. ಅದಕ್ಕೇ ನಮ್ಮ ಹೆಚ್ಚಿನ ಹೊತ್ತು ಪ್ರಶ್ನೆ ಕೇಳುವುದರಲ್ಲೇ ಹೋಗುತ್ತದೆ.

ಎಷ್ಟು ಬಗೆಯ ಕಷ್ಟ ಎಂದು ಎಣಿಸಿ ಒಂದು ಒಟ್ಟು ಅಂಕ ಬರೆದರೆ ಸಾಲದು. ಹೊಡೆತ, ಕುಡಿದು ಮಾಡುವ ಗಲಾಟೆ, ಭಯ ಒಂದು ಪಟ್ಟಿ. ಹಸಿವು, ಆರೈಕೆಯ ಕೊರತೆ, ಮಗುವನ್ನು ಮಾತಾಡಿಸುವವರೇ ಇಲ್ಲದಿರುವುದು ಇನ್ನೊಂದು ಪಟ್ಟಿ. ಮೊದಲನೆಯದು ಅಪಾಯವನ್ನು ಗುರುತಿಸುವ ಮೆದುಳಿನ ಭಾಗವಾದ ಅಮಿಗ್ಡಲದ ಭಯದ ಪ್ರತಿಕ್ರಿಯೆಯಲ್ಲಿ ಹೆಚ್ಚು ಕಾಣುತ್ತದೆ. ಎರಡನೆಯದು ಭಾಷೆ, ಗಮನ, ಯೋಚನೆಗೆ ಬೇಕಾದ ಭಾಗಗಳಲ್ಲಿ. ಕೂಡಿಸಿಬಿಟ್ಟರೆ ಎರಡೂ ಮಸುಕಾಗುತ್ತವೆ.

ವಯಸ್ಸೂ ಬೇಕು. ಅಮಿಗ್ಡಲ ಬೇಗ ಬಲಿಯುತ್ತದೆ, ಹಣೆಯ ಹಿಂದಿನ ಪ್ರಿಫ್ರಂಟಲ್ ಭಾಗ 20 ದಾಟಿದರೂ ಬೆಳೆಯುತ್ತಲೇ ಇರುತ್ತದೆ. 2 ವರ್ಷಕ್ಕೆ ಬಿದ್ದ ಕಷ್ಟವೂ 12ಕ್ಕೆ ಬಿದ್ದ ಕಷ್ಟವೂ ಒಂದೇ ಅಲ್ಲ. ಇಸವಿ ಕೇಳಿದರೆ ಯಾರಿಗೂ ನೆನಪಿರುವುದಿಲ್ಲ. ಒಂದು ಹಾಳೆಯ ಮೇಲೆ ಉದ್ದಕ್ಕೆ ಗೆರೆ ಎಳೆದು ಅಂಗನವಾಡಿ, ಒಂದನೇ ಕ್ಲಾಸು, ತಂಗಿ ಹುಟ್ಟಿದ್ದು, ಊರಹಬ್ಬ, ಕಬ್ಬು ಕಡಿದ ವರ್ಷ ಇವನ್ನೆಲ್ಲ ಮೊದಲು ಗುರುತು ಹಾಕುತ್ತೇವೆ. ಆಮೇಲೆ, 'ಅವರಪ್ಪ ಮನೆ ಬಿಟ್ಟು ಹೋಗಿದ್ದು ಇದಕ್ಕಿಂತ ಮುಂಚೆನಾ, ಆಮೇಲಾ ಅಕ್ಕ?' ಎಂದರೆ ಉತ್ತರ ತಾನಾಗಿ ಬರುತ್ತದೆ. ಅದೇ ಗೆರೆಯ ಕೆಳಗೆ, ಆಗ ಮಗುವನ್ನು ಎತ್ತಾಡಿಸುತ್ತಿದ್ದವರು ಯಾರು ಎಂದೂ ಬರೆಯಬೇಕು. ಅಜ್ಜಿಯೋ ಸೋದರಮಾವನೋ ಗಟ್ಟಿಯಾಗಿ ಜೊತೆಗಿದ್ದರೆ ಅದೇ ಕಷ್ಟದ ಪೆಟ್ಟು ಎಷ್ಟೋ ಕಡಿಮೆ. ರೊಮೇನಿಯಾದ ಬುಕಾರೆಸ್ಟ್‌ನಲ್ಲಿ ಅನಾಥಾಲಯದ 136 ಮಕ್ಕಳನ್ನು ಹಿಂಬಾಲಿಸಿದ ಅಧ್ಯಯನದಲ್ಲಿ 2 ವರ್ಷಕ್ಕೆ ಮೊದಲೇ ಸಾಕುಮನೆ ಸೇರಿದವರು ಹಲವು ವಿಷಯಗಳಲ್ಲಿ ಹೆಚ್ಚು ಚೇತರಿಸಿಕೊಂಡರು. ಜನನ ತೂಕವನ್ನು ತಾಯಿ ಕಾರ್ಡ್ ನೋಡಿಯೇ ಬರೆದುಕೊಳ್ಳಬೇಕು. ಬಾಯಿಮಾತಿನ ತೂಕ ನೆಚ್ಚುವಂತಿಲ್ಲ.

ತಾಯಿಯನ್ನು ಅತ್ತೆಯ ಮುಂದೆ ಕೇಳಬಾರದು, ಮಗುವನ್ನು ತಾಯಿಯ ಮುಂದೆ ಕೇಳಬಾರದು. ಲೈಂಗಿಕ ದೌರ್ಜನ್ಯದ ವಿಷಯ ಹೊರಬಿದ್ದರೆ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಹಾಗಾಗಿ 'ಎಲ್ಲವೂ ಗುಟ್ಟಾಗಿರುತ್ತದೆ' ಎಂಬ ಭರವಸೆ ಕೊಡುವಂತಿಲ್ಲ. ಒಪ್ಪಿಗೆ ಪತ್ರ ಓದಿ ಹೇಳುವಾಗಲೇ ಇದನ್ನು ಬಿಡಿಸಿ ಹೇಳುತ್ತೇವೆ, ಮಕ್ಕಳ ಸಹಾಯವಾಣಿ 1098 ಸಂಖ್ಯೆಯನ್ನೂ ಕೊಡುತ್ತೇವೆ.

ನಮ್ಮ ಕಡೆ ಬಿಡಲೇಬಾರದ ಇನ್ನೊಂದು ಪ್ರಶ್ನೆ: 'ಮದುವೆಗೆ ಮುಂಚೆಯೂ ನೆಂಟರಾ? ಏನಾಗಬೇಕಿತ್ತು?' ಸೋದರಮಾವನನ್ನು ಮದುವೆಯಾದವರ ಮಗುವಿನಲ್ಲಿ ಜೀನ್ ಜೋಡಿಯ ಎರಡೂ ಪ್ರತಿ ಒಂದೇ ಹಿರಿಯರಿಂದ ಬಂದಿರುವ ಸಂಭವ 8ರಲ್ಲಿ 1, ಅತ್ತೆಯ ಮಗ ಅಥವಾ ಮಾವನ ಮಗನಾದರೆ 16ರಲ್ಲಿ 1. ಊರಿನ ಬೇರೆ ಬೇರೆ ಮನೆಗಳೂ ಒಳಗೊಳಗೇ ನೆಂಟರು. ಒಂದೇ ವಂಶ, ಒಂದೇ ಸಾಲ, ಒಂದೇ ನೀರು ಹಂಚಿಕೊಂಡವರನ್ನು ಸಂಬಂಧವಿಲ್ಲದವರೆಂದು ಲೆಕ್ಕ ಹಾಕಿದರೆ ಬಡತನದ ಪರಿಣಾಮವೇ ಜೀನಿನ ಪರಿಣಾಮದಂತೆ ಕಾಣುತ್ತದೆ. ಮೂರು ತಲೆಮಾರಿನ ವಂಶವೃಕ್ಷ ಬರೆದು, ಡಿಎನ್‌ಎಯಲ್ಲಿ ಸಿಕ್ಕ ನಂಟಿನ ಜೊತೆ ತಾಳೆ ನೋಡುತ್ತೇವೆ. ಸಾಧ್ಯವಾದಷ್ಟೂ ಅಣ್ಣ ತಂಗಿಯರನ್ನು ಸೇರಿಸಿಕೊಂಡು ಒಂದೇ ಮನೆಯೊಳಗೆ ಹೋಲಿಸುವುದು ಎಲ್ಲಕ್ಕಿಂತ ಒಳ್ಳೆಯದು.

ಡಿಎನ್‌ಎಗೆ 2 ಮಿಲಿಲೀಟರ್ ಎಂಜಲು ಸಾಕು. ಅರ್ಧ ಗಂಟೆ ಮುಂಚಿನಿಂದ ಏನೂ ತಿಂದಿರಬಾರದು. ನೊರೆ ಲೆಕ್ಕಕ್ಕಿಲ್ಲ, ಟ್ಯೂಬಿನ ಗೆರೆ ಮುಟ್ಟಬೇಕಾದದ್ದು ನೀರಾದ ಎಂಜಲು. ಸಂರಕ್ಷಕ ದ್ರವವಿರುವ ಟ್ಯೂಬಾದರೆ ಐಸ್ ಬೇಡ. ಒತ್ತಡದ ಹಾರ್ಮೋನಾದ ಕಾರ್ಟಿಸಾಲ್‌ಗೆ ಬೇರೆ ಟ್ಯೂಬು, ಅದಕ್ಕೆ ಆ ದ್ರವ ಇರಬಾರದು: ಎದ್ದ ತಕ್ಷಣ ಒಂದು, 30 ನಿಮಿಷಕ್ಕೆ ಇನ್ನೊಂದು, ಐಸ್ ಪೆಟ್ಟಿಗೆಯಲ್ಲಿ ತಂದು ಮೈನಸ್ 20 ಡಿಗ್ರಿಯಲ್ಲಿಡಬೇಕು. ಎದ್ದ ಹೊತ್ತಿನಲ್ಲಿ ಕಾಲು ಗಂಟೆ ಆಚೀಚೆಯಾದರೂ ಬೆಳಗಿನ ಏರಿಕೆ ತಪ್ಪಿಹೋಗುತ್ತದೆ. ಒಸಡಿನಲ್ಲಿ ರಕ್ತ ಕಂಡರೆ ಆ ಮಾದರಿ ಬೇಡ.

ಎಂಆರ್‌ಐ ಚಿತ್ರಕ್ಕೆ ದೊಡ್ಡ ಶತ್ರು ಅಲುಗಾಟ. ಮಗು ಅಲುಗಿದರೆ ಮೆದುಳಿನ ಹೊರಪದರ ತೆಳುವಾಗಿ ಕಾಣುತ್ತದೆ. ಕಷ್ಟ ಉಂಡ ಮಕ್ಕಳು ಹೆಚ್ಚು ಚಡಪಡಿಸಿದರೆ ಇಲ್ಲದ ನಷ್ಟ ಇದ್ದಂತೆ ತೋರುತ್ತದೆ. ಯಂತ್ರದ ಸದ್ದು ಮೊದಲೇ ಕೇಳಿಸಿ, ಕೊಳವೆಯಂಥ ಡಬ್ಬದೊಳಗೆ ಮಲಗಿಸಿ ಅಭ್ಯಾಸ ಮಾಡಿಸುತ್ತೇವೆ. ಮೂತ್ರಕ್ಕೆ ಕಳಿಸುವುದು ಮರೆಯಬಾರದು. ಉಡುದಾರ, ಕಾಲ್ಗೆಜ್ಜೆ, ಪಿನ್ನು, ತಾಯತ ಎಲ್ಲ ತೆಗೆಯಬೇಕು. ತಾಯತವನ್ನು ನಾವು ಮುಟ್ಟುವುದಿಲ್ಲ. ಮನೆಯ ಹಿರಿಯರೇ ಬಿಚ್ಚಿ, ಮುಗಿದ ಮೇಲೆ ಅವರೇ ಕಟ್ಟುತ್ತಾರೆ.

ಇನ್ನು ಯಾವ ಜೀನ್? 2003ರಲ್ಲಿ ಮೆದುಳಿನ ಸಂದೇಶವಾಹಕ ರಾಸಾಯನಿಕವಾದ ಸೆರೊಟೊನಿನ್ ಸಾಗಿಸುವ ಒಂದು ಜೀನ್ ಬಹಳ ಸುದ್ದಿಯಾಯಿತು. 2019ರಲ್ಲಿ ಖಿನ್ನತೆಗೆ ಹೆಸರಾಗಿದ್ದ ಅಂಥ 18 ಜೀನ್‌ಗಳನ್ನು ಲಕ್ಷಾಂತರ ಜನರ ಮಾಹಿತಿಯಲ್ಲಿ ಪರೀಕ್ಷಿಸಿದಾಗ ಯಾವುದೂ ನಿಲ್ಲಲಿಲ್ಲ. ಒಂದೇ ಜೀನ್ ಹಿಡಿದು ಹೊರಡುವುದನ್ನು ನಾವು ಒಪ್ಪುವುದಿಲ್ಲ. ಡಿಎನ್‌ಎಯ ಸಾವಿರಾರು ಸಣ್ಣ ವ್ಯತ್ಯಾಸಗಳನ್ನು ಕೂಡಿಸಿದ ಜೀನ್ ಅಂಕವೂ ಯುರೋಪಿನವರ ಮಾಹಿತಿಯಿಂದ ಕಟ್ಟಿದ್ದಾದರೆ ನಮ್ಮವರಲ್ಲಿ ಬಲ ಕಳೆದುಕೊಳ್ಳುತ್ತದೆ. ಎಫ್‌ಕೆಬಿಪಿ5 ಜೀನಿನಲ್ಲಿ ಮಾತ್ರ ದಾರಿ ಸ್ವಲ್ಪ ಸ್ಪಷ್ಟ: ಅದರ ಪ್ರೋಟೀನ್, ಕೋಶದೊಳಗೆ ಕಾರ್ಟಿಸಾಲನ್ನು ಹಿಡಿಯುವ ಗ್ರಾಹಕವನ್ನು ಮಂಕಾಗಿಸುತ್ತದೆ. ಬಾಲ್ಯದಲ್ಲಿ ದೌರ್ಜನ್ಯ ಅನುಭವಿಸಿದವರಲ್ಲಿ ಅದರ ಒಂದು ರೂಪ ಇದ್ದರೆ ಆ ಜೀನಿನ ಒಂದೆಡೆ ಮಿಥೈಲ್ ಗುರುತು (ಜೀನ್ ಎಷ್ಟು ಕೆಲಸ ಮಾಡಬೇಕೆಂದು ತಿದ್ದುವ ರಾಸಾಯನಿಕ ಗುರುತು) ಕಳಚಿರುವುದು 2013ರಲ್ಲಿ ಕಂಡುಬಂತು. ಆಗ ಒತ್ತಡದ ವ್ಯವಸ್ಥೆ ತಣ್ಣಗಾಗಲು ತಡವಾಗುತ್ತದೆ. ಈ ಮಿಥೈಲ್ ಗುರುತನ್ನು ಎಂಜಲಿನಲ್ಲಿ ನೋಡುವಾಗ ಬಿಳಿರಕ್ತಕಣ ಎಷ್ಟು, ಕೆನ್ನೆಯ ಒಳಪದರದ ಕೋಶ ಎಷ್ಟು ಎಂದು ಸರಿದೂಗಿಸಲೇಬೇಕು. ಹಾಗೆ ಮಾಡಿದರೂ ಅದು ಮೆದುಳಿನ ಕೋಶದ ಅಳತೆಯಲ್ಲ.

ಮನೆಯವರಿಗೆ ಜೀನ್ ಅಂಕ ಕೊಡುವುದಿಲ್ಲ. ಅದರಿಂದ ಒಂದು ಮಗುವಿನ ಬಗ್ಗೆ ಏನೂ ಹೇಳಲಾಗದು. ಹಿಮೋಗ್ಲೋಬಿನ್, ಕಣ್ಣು, ಕಿವಿ ತಪಾಸಣೆಯ ಫಲಿತಾಂಶ ಅದೇ ವಾರ ತಲುಪಿಸುತ್ತೇವೆ. ಮಾತು ತಡವಾದ ಮಗುವನ್ನು ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕಳಿಸಿಕೊಡುತ್ತೇವೆ.